ಎಚ್‌ಟುಎಸ್ ಬಾಟಲಿ: ಬಾವಿಯ ನೀರಿಗೆ ಸರಿ, ಅಂಗಳದ ಮಣ್ಣಿಗೆ ಅಲ್ಲ

ಬಾವಿಯ ನೀರಿನಲ್ಲಿ ರೋಗಾಣು ಇದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದೆಂದು ಹೇಳಿ ಮಾರುವ ಸಣ್ಣ ಬಾಟಲಿಗಳು ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಆರೋಗ್ಯ ಇಲಾಖೆಯವರಿಗೂ ಗ್ರಾಮ ಪಂಚಾಯಿತಿಯ ನೀರಿನ ವಿಭಾಗದವರಿಗೂ ಇವು ಹೊಸತಲ್ಲ. ಅವರ ಬಾಯಲ್ಲಿ ಇದು ‘ಎಚ್‌ಟುಎಸ್ ಬಾಟಲಿ’; ಎಚ್‌ಟುಎಸ್ ಎಂದರೆ ಹೈಡ್ರೋಜನ್ ಸಲ್ಫೈಡ್ ಅನಿಲ. ಬೆಲೆ ಒಂದಕ್ಕೆ ಕೆಲವು ಹತ್ತು ರೂಪಾಯಿಗಳಷ್ಟೇ. ನಾನು ತರಿಸಿದ ಪೆಟ್ಟಿಗೆಯ ಮೇಲೆ ಮಾತ್ರ ‘ನೀರಿನಲ್ಲಿರುವ ಎಲ್ಲಾ ರೋಗಕಾರಕ ಬ್ಯಾಕ್ಟೀರಿಯಾಗಳ ಪತ್ತೆಗೆ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬಾಟಲಿ ಒಳ್ಳೆಯದು, ಅದರ ಮೇಲಿನ ಮಾತು ಒಳ್ಳೆಯದಲ್ಲ ಎಂಬುದೇ ಈ ವಿಮರ್ಶೆಯ ಒಟ್ಟು ಅಭಿಪ್ರಾಯವಾದ್ದರಿಂದ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಇದನ್ನು ತರಿಸಲು ಕಾರಣವಿತ್ತು. ಉಡುಪಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಗದ್ದೆ ಬೇಸಾಯ ಮಾಡಿಕೊಂಡಿರುವ ನನ್ನ ಭಾವನವರಿಗೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಬಂತು. ಮೊದಲೇ ಸಕ್ಕರೆ ಕಾಯಿಲೆ ಇದ್ದವರು. ಎರಡು ವಾರ ರಕ್ತನಾಳದ ಮೂಲಕ ಔಷಧಿ, ಆಮೇಲೆ ಮೂರು ತಿಂಗಳು ಮಾತ್ರೆ ಎಂಬ ದೀರ್ಘ ಚಿಕಿತ್ಸೆಯ ನಡುವೆ, ಇದು ಮಣ್ಣಿನಲ್ಲಿಯೂ ನೀರಿನಲ್ಲಿಯೂ ವಾಸಿಸುವ ಬ್ಯಾಕ್ಟೀರಿಯಾದಿಂದ ಬರುವ ರೋಗವೆಂದು ವೈದ್ಯರು ವಿವರಿಸಿದರು. ಅಕ್ಕನ ಪ್ರಶ್ನೆ ನೇರವಾಗಿತ್ತು: “ಹಾಗಾದರೆ ನಮ್ಮ ಬಾವಿಯಲ್ಲೇ ಇದೆಯಾ ಅದು? ಮಕ್ಕಳು ಕುಡಿಯುವುದೂ ಅದೇ ನೀರಲ್ವಾ?” ಕರಾವಳಿಯಲ್ಲಿ ಇಂಥ ರೋಗಿಯನ್ನು ಮನೆಗೆ ಕರೆತಂದ ಯಾರಿಗಾದರೂ ಏಳುವ ಪ್ರಶ್ನೆ ಇದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು ಉಡುಪಿ ಮತ್ತು ಸುತ್ತಲಿನ ಜಿಲ್ಲೆಗಳ ಇಂಥ ಪ್ರಕರಣಗಳನ್ನು ವರ್ಷಗಳಿಂದ ವರದಿ ಮಾಡುತ್ತಿರುವುದರಿಂದ, ಆಸ್ಪತ್ರೆಯ ವಾರ್ಡಿನಲ್ಲಾದರೂ ಈ ಹೆಸರು ಅಪರಿಚಿತವಲ್ಲ. ಪ್ರಶ್ನೆಗೆ ಉತ್ತರ ಈ ಬಾಟಲಿಯಲ್ಲಿ ಸಿಗುತ್ತದೆಯೇ ಎಂಬುದು ಬೇರೆ ವಿಚಾರ.

ಮೊದಲು ವಸ್ತುವಿನ ಬಗ್ಗೆ. ಕೈಬೆರಳುದ್ದದ ಪಾರದರ್ಶಕ ಬಾಟಲಿ, ಬಿಗಿಯಾದ ತಿರುಪು ಮುಚ್ಚಳ, 20 ಮಿಲಿಲೀಟರ್ ಮಟ್ಟಕ್ಕೆ ಒಂದು ಗೆರೆ, ತಳದಲ್ಲಿ ಮಡಚಿ ಕೂತ ಕಂದುಬಣ್ಣದ ಕಾಗದದ ಪಟ್ಟಿ. ಪರೀಕ್ಷೆಯ ಒಳಗುಟ್ಟೆಲ್ಲ ಆ ಪಟ್ಟಿಯಲ್ಲಿದೆ. ಪೆಪ್ಟೋನ್, ಸೋಡಿಯಂ ಥಯೋಸಲ್ಫೇಟ್, ಕಬ್ಬಿಣದ ಒಂದು ಲವಣ, ಸ್ವಲ್ಪ ಮಾರ್ಜಕ ಇವುಗಳನ್ನು ಹೀರಿಸಿ ಒಣಗಿಸಿದ ಕಾಗದವದು. ಗೆರೆಯವರೆಗೆ ನೀರು ಹೊಯ್ದಾಗ ಪಟ್ಟಿಯಿಂದ ಬಣ್ಣ ಬಿಟ್ಟು ನೀರು ತಿಳಿ ಹಳದಿಯಾಗುತ್ತದೆ. ಮನುಷ್ಯರ ಮತ್ತು ದನಕರುಗಳ ಮಲದಲ್ಲಿರುವ ಹಲವು ಬ್ಯಾಕ್ಟೀರಿಯಾಗಳು ಥಯೋಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ. ಆ ಅನಿಲ ಕಬ್ಬಿಣದೊಂದಿಗೆ ಕೂಡಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತದೆ. ಹಳದಿಯಾಗಿಯೇ ಉಳಿದರೆ ಮಲದ ಸೋಂಕಿನ ಸುಳಿವು ಸಿಗಲಿಲ್ಲವೆಂದು, ಕಪ್ಪಾದರೆ ಸಿಕ್ಕಿತೆಂದು ಲೆಕ್ಕ. ಓದು ಬಾರದವರೂ ಈ ಫಲಿತಾಂಶವನ್ನು ಓದಬಲ್ಲರು ಎಂಬುದು ಇದರ ಅತ್ಯಂತ ದೊಡ್ಡ ಗುಣ.

ಇದು ಹೊರದೇಶದಿಂದ ಬಂದ ತಂತ್ರವಲ್ಲ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ವಿಜ್ಞಾನಿಗಳು ರೂಪಿಸಿ 1982ರಲ್ಲಿ ಪ್ರಕಟಿಸಿದ ವಿಧಾನ. ಇನ್‌ಕ್ಯುಬೇಟರಾಗಲಿ ಸೂಕ್ಷ್ಮದರ್ಶಕವಾಗಲಿ ಇಲ್ಲದ ಕಡೆ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಸ್ಥಳದಲ್ಲೇ ನಿರ್ಧರಿಸಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಈ ಪಟ್ಟಿ ಆಮೇಲೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹಳ್ಳಿಗಳನ್ನೆಲ್ಲ ಸುತ್ತಿ ಬಂದಿದೆ. ನಮ್ಮಲ್ಲಿ ಇಂದು ನೀರಿನ ಪರೀಕ್ಷೆಗೆ ಹೊರದೇಶದ ಯಂತ್ರಗಳ ಜಾಹೀರಾತು ನೋಡಿ ಬೆರಗಾಗುವವರು ಈ ಮೂವರ ಹೆಸರನ್ನೂ ಒಮ್ಮೆ ಕೇಳಿದ್ದರೆ ಚೆನ್ನಾಗಿತ್ತು.

ಬಳಸುವಾಗ ಕೆಲವು ಎಚ್ಚರಿಕೆಗಳು ಬೇಕು; ಪೆಟ್ಟಿಗೆಯೊಳಗಿನ ಸೂಚನಾಪತ್ರದಲ್ಲಿ ಇವುಗಳಲ್ಲಿ ಅರ್ಧವೂ ಇರಲಿಲ್ಲ. ಕೊಡಪಾನದಿಂದ ನೇರವಾಗಿ ಬಾಟಲಿಗೆ ಸುರಿದರೆ ಕೊಡಪಾನದ ಕಂಠ, ಹಗ್ಗ, ಸೇದುವವರ ಕೈ ಇವೆಲ್ಲದರ ಕೊಳೆಯೂ ಪರೀಕ್ಷೆಗೆ ಒಳಪಡುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಸ್ಟೀಲಿನ ಚೊಂಬನ್ನು ಬಾವಿಗೆ ಇಳಿಸಿ, ಮೇಲಿನ ಕಸ ತಾಗದಂತೆ ನೀರು ತೆಗೆದು, ಮುಚ್ಚಳದ ಒಳಭಾಗಕ್ಕೆ ಬೆರಳು ತಗಲಿಸದೆ ತುಂಬಿದೆವು. ಕಾಯಿಸಿ ಆರಿಸಿದ ಅದೇ ಬಾವಿಯ ನೀರನ್ನು ಇನ್ನೊಂದು ಬಾಟಲಿಗೆ ತುಂಬಿ ಜೊತೆಗಿಟ್ಟೆವು. ಬಾಟಲಿಯೇ ಕೆಟ್ಟಿದ್ದರೆ ಗೊತ್ತಾಗಲೆಂದು ಇಂಥದೊಂದು ಜೋಡಿ ಇಡುವುದು ಒಳ್ಳೆಯ ಪದ್ಧತಿ. ಪರೀಕ್ಷೆಗೆ 30ರಿಂದ 37 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಜಾಗ ಬೇಕು. ಆಷಾಢದ ಮಳೆಯಲ್ಲಿ ಮನೆಯೊಳಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಬಚ್ಚಲುಮನೆಯಲ್ಲಿ ಹಂಡೆಯ ಒಲೆಯ ಪಕ್ಕದ ಗೂಡು ಈ ಕೆಲಸಕ್ಕೆ ಒದಗಿತು. ತಂಪಾದ ಜಾಗದಲ್ಲಿ ಇಟ್ಟು ಮರುದಿನ ಬೆಳಿಗ್ಗೆ ಹಳದಿ ಕಂಡು ನಿಟ್ಟುಸಿರು ಬಿಡುವುದು ತಪ್ಪು. ಪೂರಾ 48 ಗಂಟೆ ಕಾಯಬೇಕು.

ನಮ್ಮದು ಅಷ್ಟು ಕಾಯಿಸಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಗದದ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ಸಂಜೆಯೊಳಗೆ ಇಡೀ ಬಾಟಲಿ ಶಾಯಿ ಸುರಿದಂತಾಯಿತು. ಕಾಯಿಸಿದ ನೀರಿನ ಬಾಟಲಿ ಹಳದಿಯಾಗಿಯೇ ಉಳಿಯಿತು. ಅಕ್ಕನ ಮನೆಯ ಬಾವಿ ಮುರಕಲ್ಲನ್ನು ಕಡಿದು ತೋಡಿದ್ದು. ಮುರಕಲ್ಲಿನ ನೆಲ ತೂತುತೂತಾದದ್ದು, ಮಳೆಗಾಲದಲ್ಲಿ ಅಂತರ್ಜಲ ದಂಡೆಯ ಹತ್ತಿರಕ್ಕೇ ಏರುತ್ತದೆ. ಪಾಯಿಖಾನೆಯ ಇಂಗುಗುಂಡಿಯೂ ಹಟ್ಟಿಯ ಗೊಬ್ಬರದ ಗುಂಡಿಯೂ ಬಾವಿಯಿಂದ ಸಾಮಾನ್ಯವಾಗಿ ಹೇಳುವ 15 ಮೀಟರ್ ದೂರದಲ್ಲಿದ್ದರೂ ಇಂಥ ನೆಲದಲ್ಲಿ ಆ ದೂರವನ್ನು ಪೂರ್ತಿ ನಂಬುವಂತಿಲ್ಲ. ಅವರ ಹಟ್ಟಿ ಅಷ್ಟು ದೂರದಲ್ಲಿಯೂ ಇಲ್ಲ. ಬಾವಿಯ ನೀರಿನಲ್ಲಿ ಮಲದ ಸೋಂಕಿನ ಸುಳಿವಿದೆ ಎಂಬುದಷ್ಟೇ ಬಾಟಲಿ ಹೇಳಿದ ಸಂಗತಿ, ಮತ್ತು ಅಷ್ಟನ್ನು ಅದು ಚೆನ್ನಾಗಿಯೇ ಹೇಳಿತು.

ತಪ್ಪು ಫಲಿತಾಂಶ ಕೊಡುವ ಸಂದರ್ಭಗಳೂ ಇವೆ. ಗಂಧಕದ ಅಂಶವಿರುವ ಅಂತರ್ಜಲದಲ್ಲಿ, ಅದರಲ್ಲೂ ಆಳದ ಕೊಳವೆಬಾವಿಗಳಲ್ಲಿ, ಮಲಕ್ಕೂ ಅದಕ್ಕೂ ಸಂಬಂಧವೇ ಇಲ್ಲದ ಬ್ಯಾಕ್ಟೀರಿಯಾಗಳೂ ನೀರಿನಲ್ಲಿ ಮೊದಲೇ ಕರಗಿರುವ ಸಲ್ಫೈಡೂ ಬಾಟಲಿಯನ್ನು ಕಪ್ಪಾಗಿಸಬಲ್ಲವು. ನೀರು ಹೊಯ್ದ ಸ್ವಲ್ಪ ಹೊತ್ತಿನಲ್ಲೇ ಕಪ್ಪಾದರೆ ಅದು ಜೀವಾಣುಗಳ ಕೆಲಸವಲ್ಲ, ರಸಾಯನದ ಕೆಲಸ ಎಂದು ಅನುಮಾನಿಸಬೇಕು, ಏಕೆಂದರೆ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಗಂಟೆಗಳೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಈ ವಿಧಾನವನ್ನು ವಿವರವಾಗಿ ಪರಿಶೀಲಿಸಿದಾಗಲೂ ಅಂತರ್ಜಲದ ಬಗೆಗಿನ ಈ ಅನುಮಾನ ಮುಖ್ಯವಾಗಿ ಬಂದಿತ್ತು. ಇನ್ನೊಂದು ವಿಚಿತ್ರವೆಂದರೆ, ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಯಾವ ಜೀವಾಣು 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದೆಂದು ಹೇಳುತ್ತದೆಯೋ ಆ ಇ. ಕೋಲಿ ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡನ್ನು ಉತ್ಪಾದಿಸುವುದೇ ಇಲ್ಲ. ಮಲದಲ್ಲಿ ಅದರ ಜೊತೆಗಿರುವ ಸಿಟ್ರೊಬ್ಯಾಕ್ಟರ್, ಪ್ರೋಟಿಯಸ್, ಸಾಲ್ಮೊನೆಲ್ಲಾ, ಕ್ಲಾಸ್ಟ್ರಿಡಿಯಂ ಮುಂತಾದವು ಕೊಡುವ ಸುಳಿವನ್ನೇ ಬಾಟಲಿ ಹಿಡಿಯುತ್ತದೆ. 20 ಮಿಲಿಲೀಟರಿನಲ್ಲಿ ಹಳದಿ ಉಳಿದ ನೀರು 100 ಮಿಲಿಲೀಟರಿನ ಪ್ರಯೋಗಾಲಯ ಪರೀಕ್ಷೆಯಲ್ಲಿ ಸೋಲಬಹುದು.

ಇನ್ನು ಪೆಟ್ಟಿಗೆಯ ಮೇಲಿನ ಮಾತು. ‘ಎಲ್ಲಾ ರೋಗಕಾರಕ ಬ್ಯಾಕ್ಟೀರಿಯಾ’ ಎಂಬುದು ಸುಳ್ಳು. ಕಾಲರಾದ ಜೀವಾಣುವನ್ನಾಗಲಿ ಇಲಿಜ್ವರದ ಲೆಪ್ಟೊಸ್ಪೈರಾವನ್ನಾಗಲಿ ಈ ಪಟ್ಟಿ ಗುರುತಿಸುವುದಿಲ್ಲ. ವಿಷಮಶೀತ ಜ್ವರದ ಜೀವಾಣು ಕಪ್ಪಾಗಲು ಕಾರಣವಾಗಿದ್ದರೂ ಅದೇ ಕಾರಣವೆಂದು ಬಾಟಲಿ ಹೇಳಲಾರದು. ಕಾಮಾಲೆಯ ವೈರಸ್ಸಂತೂ ಬ್ಯಾಕ್ಟೀರಿಯಾವೇ ಅಲ್ಲ. ಮೆಲಿಯಾಯ್ಡೋಸಿಸ್ ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮ್ಯಾಲೈ ಗಂಧಕದ ಅನಿಲ ಹುಟ್ಟಿಸುವ ಗುಂಪಿಗೆ ಸೇರಿದ್ದಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಅದು ಮಲದ ಜೀವಾಣುವೇ ಅಲ್ಲ. ಒದ್ದೆ ಮಣ್ಣಿನ ನಿವಾಸಿ. ಇಂಗುಗುಂಡಿ ಎಷ್ಟೇ ಸುಭದ್ರವಾಗಿರಲಿ, ಬಾಟಲಿ ಎಷ್ಟೇ ಹಳದಿಯಾಗಿರಲಿ, ಗದ್ದೆಯ ಕೆಸರಿನಲ್ಲಿ ಅದು ತನ್ನ ಪಾಡಿಗೆ ತಾನಿರಬಹುದು. 1911ರಲ್ಲಿ ರಂಗೂನಿನಲ್ಲಿ ಈ ರೋಗವನ್ನು ಮೊದಲು ಗುರುತಿಸಿದವರು ವಿಟ್ಮೋರ್ ಮತ್ತು ಕೃಷ್ಣಸ್ವಾಮಿ. ರೋಗಕ್ಕೆ ವಿಟ್ಮೋರನ ಹೆಸರು ಅಂಟಿತು, ಕೃಷ್ಣಸ್ವಾಮಿಯವರ ಹೆಸರು ಅಡಿಟಿಪ್ಪಣಿಗೆ ಸರಿಯಿತು, ಅದಿರಲಿ.

ಹಾಗಾದರೆ ರೋಗಿಯ ಮನೆಯ ಸುತ್ತ ಈ ಜೀವಾಣುವನ್ನು ಹುಡುಕಲು ಸಾಧ್ಯವೇ ಇಲ್ಲವೇ? ಸಾಧ್ಯ, ಆದರೆ ಅದು ಯಾರೂ ಪೆಟ್ಟಿಗೆಯಲ್ಲಿ ಹಾಕಿ ಮಾರಬಲ್ಲ ಸೇವೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2022ರ ಜುಲೈ ತಿಂಗಳಿನಲ್ಲಿ ಪ್ರಕಟಿಸಿದ ಪ್ರಕರಣ ಇದಕ್ಕೆ ಸರಿಯಾದ ನಿದರ್ಶನ. ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ, ಪರಸ್ಪರ ಸಂಬಂಧವಿಲ್ಲದ ಆದರೆ ಹತ್ತಿರ ಹತ್ತಿರದಲ್ಲೇ ವಾಸಿಸುತ್ತಿದ್ದ ಇಬ್ಬರಿಗೆ, ಒಬ್ಬರಿಗೆ 2020ರಲ್ಲಿ ಇನ್ನೊಬ್ಬರಿಗೆ 2022ರಲ್ಲಿ, ಮೆಲಿಯಾಯ್ಡೋಸಿಸ್ ಬಂದಿತ್ತು. ಇಬ್ಬರ ದೇಹದಲ್ಲಿ ಸಿಕ್ಕ ಜೀವಾಣುಗಳ ವಂಶವಾಹಿ ಒಂದೇ ಬಗೆಯದೆಂದು ತಿಳಿದ ಮೇಲೆ, ಅವರ ಒಪ್ಪಿಗೆ ಪಡೆದು ಮನೆಯೊಳಗಿನ ವಸ್ತುಗಳು, ಸುತ್ತಲಿನ ಮಣ್ಣು, ನೀರು ಎಲ್ಲದರ ಮಾದರಿಗಳನ್ನು ಸಂಗ್ರಹಿಸಿದರು. ಮಣ್ಣು ಮತ್ತು ಹೊಂಡದಲ್ಲಿ ನಿಂತ ನೀರಿನ ಮೂರು ಮಾದರಿಗಳಲ್ಲಿ ಜೀವಾಣು ಸಿಕ್ಕಿತು. ಅಮೆರಿಕದ ಮುಖ್ಯ ಭೂಭಾಗದ ನೆಲದಲ್ಲಿ ಅದು ಬೀಡುಬಿಟ್ಟಿದೆ ಎಂಬುದಕ್ಕೆ ದೊರೆತ ಮೊದಲ ಪುರಾವೆ ಅದು.

ಅದರ ಹಿಂದಿನ ವರ್ಷವೇ ಇದೇ ಸಂಸ್ಥೆ ರೋಗಿಗಳ ಮನೆಗಳನ್ನು ಜಾಲಾಡಿತ್ತು. 2021ರಲ್ಲಿ ಜಾರ್ಜಿಯಾ, ಕಾನ್ಸಾಸ್, ಮಿನೆಸೋಟ ಮತ್ತು ಟೆಕ್ಸಸ್ ರಾಜ್ಯಗಳ ನಾಲ್ವರಿಗೆ ಈ ರೋಗ ಬಂದು ಇಬ್ಬರು ತೀರಿಕೊಂಡಾಗ, ಮನೆಗಳ ಸುತ್ತಲಿನ ಮಣ್ಣು ಮತ್ತು ನೀರಿನಲ್ಲಿ ಸುಳಿವು ಸಿಗಲಿಲ್ಲ. ಕೊನೆಗೆ ಜಾರ್ಜಿಯಾದ ರೋಗಿಯ ಮನೆಯಲ್ಲಿದ್ದ, ಭಾರತದಲ್ಲಿ ತಯಾರಾದ ಸುಗಂಧದ ಸ್ಪ್ರೇ ಬಾಟಲಿಯೊಂದರಲ್ಲಿ ಸಿಕ್ಕಿತು. ಸುಮಾರು 3,900 ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ರೋಗಿಯ ಅಂಗಳದ ಮಣ್ಣೇ ಅಪರಾಧಿ ಎಂದು ಮೊದಲೇ ತೀರ್ಮಾನಿಸಿ ಹುಡುಕುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ತಿಳಿದಿಲ್ಲ.

ಮಣ್ಣಿನಲ್ಲಿ ಹುಡುಕುವ ಕ್ರಮದ ಬಗ್ಗೆ ಈ ಕ್ಷೇತ್ರದ ತಜ್ಞರು 2013ರಲ್ಲಿ ಒಮ್ಮತದ ಮಾರ್ಗಸೂಚಿಯನ್ನು ಪ್ರಕಟಿಸಿದ್ದಾರೆ. ಒಂದು ಗದ್ದೆಯಲ್ಲಿ 2.5 ಅಥವಾ 5 ಮೀಟರ್ ಅಂತರದಲ್ಲಿ ಚೌಕಗಳಂತೆ ಗುರುತು ಹಾಕಿ 100 ಕಡೆ ಅಗೆಯಬೇಕು. ಮೇಲ್ಮಣ್ಣಲ್ಲ, 30 ಸೆಂಟಿಮೀಟರ್ ಆಳದ ಮಣ್ಣಿನಿಂದ 10 ಗ್ರಾಂ ತೆಗೆಯಬೇಕು. ಬೇರೆ ಜೀವಾಣುಗಳನ್ನು ತಡೆಯುವ ಕೊಲಿಸ್ಟಿನ್ ಎಂಬ ಔಷಧಿ ಬೆರೆಸಿದ ಪೋಷಕ ದ್ರವದಲ್ಲಿ ಅದನ್ನು 40 ಡಿಗ್ರಿ ಶಾಖದಲ್ಲಿ ಎರಡು ದಿನ ಇಟ್ಟು, ಬಳಿಕ ಈ ಜೀವಾಣುವಿಗೆಂದೇ ಇರುವ ಆ್ಯಶ್‌ಡೌನ್ ಅಗರ್ ಎಂಬ ಗಟ್ಟಿ ಪೋಷಕದ ತಟ್ಟೆಯಲ್ಲಿ ಬೆಳೆಸಿ, ವಾರದವರೆಗೂ ದಿನಾ ನೋಡುತ್ತಿರಬೇಕು. ಸುಕ್ಕುಗಟ್ಟಿದ, ನೇರಳೆ ಬಣ್ಣ ಹೀರಿದ ಒಣ ಗುಂಪುಗಳು ಕಾಣಿಸಿಕೊಂಡರೆ ಅಲ್ಲಿಂದ ಮುಂದೆ ಖಚಿತಪಡಿಸುವ ಪರೀಕ್ಷೆಗಳು. ಪಳಗದ ಕಣ್ಣಿಗೆ ಅದು ಸ್ಯೂಡೊಮೊನಾಸ್ ಎಂಬ ಮಾಮೂಲಿ ಬ್ಯಾಕ್ಟೀರಿಯಾದಂತೆ ಕಂಡು ಹೊರಬೀಳುವುದುಂಟು. ಈ ಜೀವಾಣುವನ್ನು ತೆರೆದ ಮೇಜಿನ ಮೇಲೆ ಬೆಳೆಸಿ ಮೂಸಿ ನೋಡುವಂತಿಲ್ಲ. ಜೈವಿಕ ಸುರಕ್ಷತೆಯ ವ್ಯವಸ್ಥೆ ಬೇಕು. ಇಷ್ಟೆಲ್ಲ ಮಾಡಿಯೂ ಒಂದು ಗುಂಡಿಯಲ್ಲಿ ಸಿಗದ್ದು ಐದು ಮೀಟರ್ ಆಚೆಯ ಗುಂಡಿಯಲ್ಲಿ ಸಿಗಬಹುದು. ಹೀಗಾಗಿ ಅಂಗಳದಿಂದ ಒಂದು ಹಿಡಿ ಮಣ್ಣು ಒಯ್ದು ‘ಇಲ್ಲ’ ಎಂಬ ವರದಿ ತಂದರೆ ಅದಕ್ಕೆ ಬೆಲೆಯಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣ, ಬಾಟಲಿಯ ಜೊತೆಗೆ ನಾವು ಖಾಸಗಿ ಪ್ರಯೋಗಾಲಯವೊಂದರ ಸೇವೆಯನ್ನೂ ಪಡೆದೆವು. ಹೆಸರು ಬೇಡ. ‘ಸಂಪೂರ್ಣ ಜೀವಾಣು ತಪಾಸಣೆ’ ಎಂಬ ಪಟ್ಟಿಗೆ ಸಾವಿರಾರು ರೂಪಾಯಿ ಕೇಳಿದರು. ನೀರನ್ನು ಯಾವುದರಲ್ಲಿ ತರಬೇಕೆಂದು ವಿಚಾರಿಸಿದಾಗ “ಮಿನರಲ್ ವಾಟರ್ ಬಾಟಲಿಯಲ್ಲಿ ತಂದರೆ ಸಾಕು” ಎಂದರು. ಜೀವಾಣು ಪರೀಕ್ಷೆಯ ಮಾದರಿಗೆ ನಿರ್ಜೀವೀಕರಿಸಿದ ಬಾಟಲಿಯನ್ನು ಪ್ರಯೋಗಾಲಯವೇ ಕೊಡಬೇಕು, ಅದನ್ನು ತಣ್ಣಗಿಟ್ಟು ಆದಷ್ಟು ಬೇಗ, 24 ಗಂಟೆ ಮೀರದಂತೆ ತಲುಪಿಸಬೇಕು. ಮಣ್ಣನ್ನೂ ಪರೀಕ್ಷಿಸುವಿರಾ ಎಂದಾಗ ಹೌದೆಂದರು, ಮತ್ತು ವಾರದ ನಂತರ ಸಾವಯವ ಇಂಗಾಲ, ರಂಜಕ, ಪೊಟ್ಯಾಶ್, ಮಣ್ಣಿನ ಆಮ್ಲೀಯತೆ ಎಷ್ಟೆಂದು ಬರೆದ ಕಾಗದ ಕೈಗಿತ್ತರು. ಅಡಿಕೆ ತೋಟಕ್ಕೆ ಗೊಬ್ಬರ ಹಾಕಲು ಅನುಕೂಲವಾದೀತು. ನೀರಿನ ವರದಿಯಲ್ಲಿ ಒಟ್ಟು ಕೋಲಿಫಾರಂ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾಗಳ ಗುಂಪು) ಮತ್ತು ಇ. ಕೋಲಿಯ ಅಂಕಿಗಳಿದ್ದವು, ಎರಡೂ ಮಿತಿ ಮೀರಿದ್ದವು, ಅಂದರೆ ಬಾಟಲಿ ಅಷ್ಟು ಅಗ್ಗದಲ್ಲಿ ಹೇಳಿದ್ದನ್ನೇ ಅದೂ ಹೇಳಿತು. ‘ಸಂಪೂರ್ಣ’ ಎಂಬ ಪದಕ್ಕೆ ಬೆಂಬಲವಾಗಿ ಅದರಲ್ಲಿ ಬೇರೇನೂ ಇರಲಿಲ್ಲ.

ಇದಕ್ಕೆ ಹೋಲಿಸಿದರೆ ಸರ್ಕಾರಿ ವ್ಯವಸ್ಥೆ ಮೇಲು. ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ನಡೆಯುವ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ನೀರಿನ ಗುಣಮಟ್ಟದ ಸರ್ಕಾರಿ ಪ್ರಯೋಗಾಲಯಗಳು ಸಾರ್ವಜನಿಕರ ಮಾದರಿಗಳನ್ನೂ ಅಲ್ಪ ಶುಲ್ಕಕ್ಕೆ ಪರೀಕ್ಷಿಸುತ್ತವೆ. ಬಾಟಲಿ ಕಪ್ಪಾದ ಮನೆಯವರು ಖಾಸಗಿಯವರ ‘ಸಂಪೂರ್ಣ’ ಪಟ್ಟಿಗೆ ಹಣ ಕೊಡುವ ಮೊದಲು ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ ಕೇಳಬೇಕು.

ಬಾವಿಗೆ ಪರಿಹಾರ ಕಷ್ಟದ್ದಲ್ಲ. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪುಡಿ 1000 ಲೀಟರ್ ನೀರಿಗೆ 2.5 ಗ್ರಾಂನಂತೆ, ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಕೊಡಪಾನದಿಂದ ಚೆನ್ನಾಗಿ ಕದಡಿ ಕನಿಷ್ಠ ಒಂದು ಗಂಟೆ ಸೇದದೆ ಬಿಡುವುದು ಹಳೆಯ ಕ್ರಮ. ವರ್ಷಗಟ್ಟಲೆ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಲೋರಿನ್ನಿಗೆ ಮೆಲಿಯಾಯ್ಡೋಸಿಸ್ಸಿನ ಜೀವಾಣುವೂ ಬಗ್ಗುತ್ತದೆ ಎಂಬುದು ಇಲ್ಲಿ ಸಿಗುವ ಹೆಚ್ಚುವರಿ ಲಾಭ; 1997ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ದೂರದ ಕರಾವಳಿ ಊರೊಂದರಲ್ಲಿ ಕುಡಿಯುವ ನೀರಿನ ಸರಬರಾಜಿನಿಂದಲೇ ಈ ರೋಗ ಹರಡಿದ ದಾಖಲೆಯಿರುವುದರಿಂದ ಅದನ್ನು ಕಡೆಗಣಿಸುವಂತಿಲ್ಲ. ಗದ್ದೆಯ ಮಣ್ಣಿಗೆ ಮಾತ್ರ ಇಂಥ ಮದ್ದಿಲ್ಲ. ಅಲ್ಲಿ ಪರೀಕ್ಷೆಗೆ ಸುರಿಯುವ ಹಣವನ್ನು ಮೊಣಕಾಲವರೆಗಿನ ಗಂಬೂಟಿಗೂ ಕೈಗವಸಿಗೂ ಹಾಕಿ, ಗಾಯಗಳನ್ನು ಜಲನಿರೋಧಕ ಪಟ್ಟಿಯಿಂದ ಮುಚ್ಚಿಕೊಂಡು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಒಳ್ಳೆಯದು. ಭಾವನವರು ಗಂಬೂಟು ಹಾಕಿ ಕೆಸರಿಗಿಳಿದರೆ ಕಾಲು ಹೂತುಹೋಗುತ್ತದೆಂದು ಗೊಣಗುತ್ತಾರೆ, ಅದು ನಿಜವೂ ಹೌದು. ಮುಂದಿನ ನಾಟಿಗೆ ಆಳು ಗೊತ್ತುಮಾಡುವುದೆಂದು ಅಕ್ಕ ನಿರ್ಧರಿಸಿದ್ದಾಳೆ.

ಕೊಳ್ಳುವವರಿಗೆ ಇನ್ನೆರಡು ವಿವರಗಳು. ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಪೆಟ್ಟಿಗೆಯ ಮೇಲೆ ಮಾತ್ರವಲ್ಲ, ಬಾಟಲಿಯ ಮೇಲೂ ಇದೆಯೇ ನೋಡಿ. ತೆರೆಯುವ ಮೊದಲೇ ಪಟ್ಟಿ ಕಪ್ಪಿಟ್ಟಿದ್ದರೆ ಅಥವಾ ಒಳಗೆ ತೇವ ಕಂಡರೆ ಹಿಂದಿರುಗಿಸಿ. ಕಪ್ಪಾದ ಬಾಟಲಿಯನ್ನು ತೆರೆದು ಹಾಗೆಯೇ ಚರಂಡಿಗೆ ಸುರಿಯಬಾರದು. ನೀರಿನಲ್ಲಿದ್ದ ಜೀವಾಣುಗಳು ಅಷ್ಟು ಹೊತ್ತಿಗೆ ಅದರೊಳಗೆ ಕೋಟಿಗಟ್ಟಲೆಯಾಗಿರುತ್ತವೆ, ಕೊಳೆತ ಮೊಟ್ಟೆಯ ನಾತ ಬೇರೆ. ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಬಾಟಲಿಯ ಬಾಯಿಯವರೆಗೆ ತುಂಬಿ, ಗಾಳಿಯಾಡುವ ಹೊರಜಾಗದಲ್ಲಿ ಮಕ್ಕಳ ಕೈಗೆ ಸಿಗದಂತೆ ಒಂದು ಹಗಲು ಬಿಟ್ಟು, ಆಮೇಲೆ ಬಾವಿಯಿಂದ ದೂರದಲ್ಲಿ ಹೂಳಬೇಕು. ಈ ವಿಚಾರವನ್ನು ಸೂಚನಾಪತ್ರದಲ್ಲಿ ಕನ್ನಡದಲ್ಲಿ ಮುದ್ರಿಸಿ, ‘ಎಲ್ಲಾ ರೋಗಕಾರಕ’ ಎಂಬ ಸಾಲನ್ನು ತೆಗೆದುಹಾಕಿದರೆ ಈ ಬಾಟಲಿಗೆ ಐದರಲ್ಲಿ ನಾಲ್ಕು ಅಂಕ ಕೊಡಲು ಅಡ್ಡಿಯಿಲ್ಲ. ಈಗಿರುವ ಸ್ಥಿತಿಯಲ್ಲಿ ಮೂರು.